ಒಂದು ಸಲ ಸ್ವಾಮಿ, ಒಂದು ಸಲ ರೆಡ್ಡಿ: ಶ್ರೀನಿವಾಸಪುರದ ಲೆಕ್ಕ

(ಕೋಲಾರದಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಒಬ್ಬ ಶಾಸಕನ ಚುನಾವಣೆಗಳು ಮತ್ತು ರಾಜಕೀಯ ಬದುಕು’. ಯಾವ ಶಾಸಕ ಅಂತ ಹೇಳಿರಲಿಲ್ಲ. ಆದರೆ ಕೋಲಾರದಲ್ಲಿ ನಿಂತು ಈ ವಿಷಯ ಮಾತಾಡುವಾಗ ಕೆ.ಆರ್. ರಮೇಶ್ ಕುಮಾರ್ ಅವರನ್ನು ಬಿಟ್ಟು ಬೇರೆಯವರನ್ನು ಆರಿಸಿಕೊಂಡರೆ ನೀವೇ ನಗುತ್ತೀರಿ. ನಾನು ಯಾವ ಬಣದವನೂ ಅಲ್ಲ ಅಂದರೆ ಈ ಜಿಲ್ಲೆಯಲ್ಲಿ ಯಾರೂ ನಂಬೋದಿಲ್ಲ. ಅದಕ್ಕೆ ಆ ಮಾತು ಬಿಡೋಣ. ನೇರವಾಗಿ ಲೆಕ್ಕಕ್ಕೆ ಹೋಗೋಣ.

ಶ್ರೀನಿವಾಸಪುರ ಕ್ಷೇತ್ರದ ಗೆದ್ದವರ ಪಟ್ಟಿ ಹೀಗಿದೆ. 1978ರಲ್ಲಿ ರಮೇಶ್ ಕುಮಾರ್. 1983ರಲ್ಲಿ ಜಿ.ಕೆ. ವೆಂಕಟಶಿವಾರೆಡ್ಡಿ. 1985ರಲ್ಲಿ ರಮೇಶ್ ಕುಮಾರ್. 1989ರಲ್ಲಿ ವೆಂಕಟಶಿವಾರೆಡ್ಡಿ. 1994ರಲ್ಲಿ ರಮೇಶ್ ಕುಮಾರ್, 1999ರಲ್ಲಿ ವೆಂಕಟಶಿವಾರೆಡ್ಡಿ, 2004ರಲ್ಲಿ ರಮೇಶ್ ಕುಮಾರ್, 2008ರಲ್ಲಿ ವೆಂಕಟಶಿವಾರೆಡ್ಡಿ, 2013ರಲ್ಲಿ ಮತ್ತೆ ರಮೇಶ್ ಕುಮಾರ್. 2018ರಲ್ಲಿ ಮಾತ್ರ ಸರದಿ ತಪ್ಪಿತು. ಅವರೇ ಮತ್ತೆ ಗೆದ್ದರು. 2023ರಲ್ಲಿ ವೆಂಕಟಶಿವಾರೆಡ್ಡಿ ವಾಪಸ್ ಬಂದರು.

ನಲವತ್ತೈದು ವರ್ಷ, ಹನ್ನೊಂದು ಚುನಾವಣೆ, ಎರಡೇ ಹೆಸರು. ಊರಿನವರ ಬಾಯಲ್ಲಿ ಒಬ್ಬರು ‘ಸ್ವಾಮಿ’, ಇನ್ನೊಬ್ಬರು ‘ರೆಡ್ಡಿ’. ಪೂರ್ತಿ ಹೆಸರು ಬೇಕಾಗಿದ್ದು ಪತ್ರಿಕೆಯವರಿಗೆ ಮತ್ತು ಚುನಾವಣಾ ಆಯೋಗಕ್ಕೆ ಮಾತ್ರ.

ಈ ಪಟ್ಟಿ ನೋಡಿದವರೆಲ್ಲ ಒಂದೇ ಮಾತು ಹೇಳ್ತಾರೆ: ‘ಶ್ರೀನಿವಾಸಪುರದ ಜನ ಒಂದು ಸಲ ಇವರಿಗೆ, ಒಂದು ಸಲ ಅವರಿಗೆ ಕೊಡ್ತಾರೆ. ಅದು ಅಲ್ಲಿನ ಪದ್ಧತಿ.’ ಟೀವಿಯಲ್ಲಿ ಪ್ರತಿ ಚುನಾವಣೆಗೂ ಇದೇ ಕಥೆ. ಕೇಳೋಕೆ ಚೆನ್ನಾಗಿದೆ. ಆದರೆ ಎರಡು ಲಕ್ಷದ ಆಸುಪಾಸು ಮತದಾರರು ಒಟ್ಟಿಗೆ ಕೂತು ‘ಈ ಸಲ ಅವರ ಸರದಿ’ ಅಂತ ತೀರ್ಮಾನ ಮಾಡ್ತಾರಾ? ಹಾಗೆ ಆಗೋದಿಲ್ಲ ಅಲ್ವಾ? ಹಾಗಾದರೆ ಈ ಸರದಿ ಎಲ್ಲಿಂದ ಬಂತು? ಇವತ್ತು ನನಗೆ ಹೇಳೋಕಿರೋದು ಅದೊಂದೇ. ಈ ಪಟ್ಟಿಯಲ್ಲಿ ನಿಜವಾಗಿ ಎರಡು ಬೇರೆ ಬೇರೆ ಕಥೆಗಳಿವೆ. ಅರ್ಧ ರಾಜ್ಯದ ಕಥೆ, ಅರ್ಧ ಊರಿನ ಕಥೆ.

ಮೊದಲ ಅರ್ಧ ತೆಗೆದುಕೊಳ್ಳಿ. 1985ರಲ್ಲಿ ರಮೇಶ್ ಕುಮಾರ್ ಗೆದ್ದದ್ದು ಜನತಾ ಪಕ್ಷದಿಂದ. ಆ ವರ್ಷ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ರಾಜ್ಯದಲ್ಲಿ 139 ಸೀಟು ಗೆದ್ದಿತ್ತು. 1989ರಲ್ಲಿ ವೆಂಕಟಶಿವಾರೆಡ್ಡಿ ಗೆದ್ದದ್ದು ಕಾಂಗ್ರೆಸ್ಸಿನಿಂದ. ಆಗ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ಸಿಗೆ 178 ಸೀಟು. 1994ರಲ್ಲಿ ರಮೇಶ್ ಕುಮಾರ್ ಜನತಾದಳ. ಆ ಸಲ ದಳಕ್ಕೆ 115 ಸೀಟು ಬಂದು ದೇವೇಗೌಡರು ಮುಖ್ಯಮಂತ್ರಿ ಆದರು. 1999ರಲ್ಲಿ ವೆಂಕಟಶಿವಾರೆಡ್ಡಿ ಮತ್ತೆ ಕಾಂಗ್ರೆಸ್. ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ಸಿಗೆ 132.

ಕಂಡಿತಾ? ನಾಲ್ಕಕ್ಕೆ ನಾಲ್ಕೂ ಸಲ ಶ್ರೀನಿವಾಸಪುರದಲ್ಲಿ ಗೆದ್ದವರು ರಾಜ್ಯದಲ್ಲಿ ಗಾಳಿ ಇದ್ದ ಪಕ್ಷದವರೇ. ಕರ್ನಾಟಕದಲ್ಲಿ 1985ರ ನಂತರ ಆಳುವ ಪಕ್ಷ ಮತ್ತೆ ಬಹುಮತದಿಂದ ಗೆದ್ದು ಬಂದಿಲ್ಲ. ರಾಜ್ಯವೇ ಮಗ್ಗಲು ಬದಲಾಯಿಸುತ್ತಿತ್ತು, ಶ್ರೀನಿವಾಸಪುರವೂ ಜೊತೆಗೆ ಬದಲಾಯಿಸುತ್ತಿತ್ತು. ಅಲ್ಲಿ ಎರಡೂ ಕಡೆ ಗಟ್ಟಿ ಅಭ್ಯರ್ಥಿಗಳಿದ್ದರು, ಅವರೇ ಪ್ರತಿ ಸಲ ನಿಲ್ಲುತ್ತಿದ್ದರು. ಹಾಗಾಗಿ ರಾಜ್ಯದ ಗಾಳಿಗೆ ಅಲ್ಲಿ ಇಬ್ಬರ ಮುಖ ಬಂತು. ಬೇರೆ ಕ್ಷೇತ್ರಗಳಲ್ಲಿ ಪ್ರತಿ ಸಲ ಹೊಸ ಮುಖ ಬಂದು ಈ ಓಲಾಟ ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೇ.

ಇನ್ನು 2004ರಿಂದ ಈಚೆಗೆ ನೋಡಿ. 2004ರಲ್ಲಿ ರಮೇಶ್ ಕುಮಾರ್ ಕಾಂಗ್ರೆಸ್ಸಿನಿಂದ ಗೆದ್ದರು. ಆ ವರ್ಷ ಯಾರಿಗೂ ಬಹುಮತ ಇಲ್ಲ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಗಾಳಿ ಅನ್ನೋದೇ ಇರಲಿಲ್ಲ. 2008ರಲ್ಲಿ ಬಿಜೆಪಿ 110 ಸೀಟು ಗೆದ್ದು ಸರ್ಕಾರ ಮಾಡಿತು. ಶ್ರೀನಿವಾಸಪುರದಲ್ಲಿ ಗೆದ್ದದ್ದು 28 ಸೀಟಿನ ಜೆಡಿಎಸ್, ಅಂದರೆ ವೆಂಕಟಶಿವಾರೆಡ್ಡಿ. 2023ರಲ್ಲಂತೂ ಕಾಂಗ್ರೆಸ್ 135 ಸೀಟು ಬಾಚಿಕೊಂಡಿತು, ಜೆಡಿಎಸ್ 19ಕ್ಕೆ ಇಳಿಯಿತು. ಆದರೂ ಇಲ್ಲಿ ಕಾಂಗ್ರೆಸ್ಸಿನ ಹಿರಿಯ ತಲೆ ಸೋತಿತು, ಜೆಡಿಎಸ್ ಗೆದ್ದಿತು. ಇದು ಗಾಳಿಯ ಎದುರು ಈಜಿದ ಫಲಿತಾಂಶ. ಮೊದಲ ಅರ್ಧದ ವಿವರಣೆ ಇಲ್ಲಿ ಕೆಲಸಕ್ಕೆ ಬರೋದಿಲ್ಲ.

ಅಂತರ ನೋಡಿದರೆ ಇನ್ನೂ ಕುತೂಹಲ. 2018ರಲ್ಲಿ ರಮೇಶ್ ಕುಮಾರ್ ಗೆದ್ದದ್ದು 10,552 ಮತಗಳಿಂದ. 2023ರಲ್ಲಿ ಸೋತದ್ದು 10,443 ಮತಗಳಿಂದ. ಹೆಚ್ಚುಕಡಿಮೆ ಅಷ್ಟೇ ಅಂತರ, ದಿಕ್ಕು ಮಾತ್ರ ತಿರುಗಿತು. ಎರಡೂ ಸಲ ಇಬ್ಬರಿಗೂ ಎಂಬತ್ತು ಸಾವಿರಕ್ಕಿಂತ ಜಾಸ್ತಿ ಮತ ಬಿದ್ದಿವೆ. ಅಂದರೆ ಸೋತವರ ಮನೆಯೂ ಖಾಲಿ ಇರಲಿಲ್ಲ. ಎರಡು ದೊಡ್ಡ ಗುಂಪು ಕದಲದೆ ಕೂತಿದೆ. ನಡುವೆ ಇರುವ ಐದಾರು ಸಾವಿರ ಜನ ಆ ಕಡೆಯಿಂದ ಈ ಕಡೆಗೆ ಬಂದರೆ ಸಾಕು, ಶಾಸಕ ಬದಲಾಗ್ತಾನೆ.

ಆ ಕದಲದ ಗುಂಪು ಹೇಗೆ ಕಟ್ಟಿಕೊಂಡಿತು ಅನ್ನೋದು ಊರಿನ ಕಥೆ. ರಾಯಲ್ಪಾಡು, ರೋಣೂರು, ಯಲ್ದೂರು, ನೆಲವಂಕಿ ಹೋಬಳಿಗಳ ಹಳ್ಳಿಗಳಿಗೆ ಹೋಗಿ ‘ನೀವು ಯಾವ ಪಕ್ಷ’ ಅಂತ ಕೇಳಿದರೆ ಜನ ಪಕ್ಷದ ಹೆಸರು ಹೇಳೋದು ಆಮೇಲೆ. ‘ನಾವು ಸ್ವಾಮಿ ಕಡೆಯವರು’, ‘ನಾವು ರೆಡ್ಡಿ ಕಡೆಯವರು’ ಅನ್ನೋದು ಮೊದಲು. ಅಪ್ಪ ಯಾವ ಕಡೆಯೋ ಮಗನೂ ಆ ಕಡೆ. ನಾಯಕರು ಜನತಾ, ದಳ, ಕಾಂಗ್ರೆಸ್ ಅಂತ ಬಾವುಟ ಬದಲಾಯಿಸಿದಾಗ ಹಳ್ಳಿಯ ಗುಂಪು ಗುಂಪಾಗಿಯೇ ಅವರ ಹಿಂದೆ ಹೋಯಿತು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರೋದಿಲ್ಲ, ಆದರೆ ಈ ಎರಡು ಕಡೆ ಇದ್ದೇ ಇರುತ್ತೆ. ಡೇರಿ ಸಂಘದ ಚುನಾವಣೆಯಲ್ಲೂ ಅದೇ, ಸೊಸೈಟಿಯಲ್ಲೂ ಅದೇ. ವಿಧಾನಸಭೆ ಚುನಾವಣೆ ಐದು ವರ್ಷಕ್ಕೊಂದು ಸಲ ಬರುತ್ತೆ. ಡೇರಿ ದಿನಕ್ಕೆ ಎರಡು ಸಲ ತೆಗೆಯುತ್ತೆ. ಬಣ ಉಳಿಯೋದು ಅಲ್ಲಿ.

ಜಾತಿ ಲೆಕ್ಕ ಇಲ್ವಾ ಅಂತ ಕೇಳಬಹುದು. ಇದೆ, ಎಲ್ಲ ಕಡೆಯೂ ಇದೆ. ಆದರೆ ರಮೇಶ್ ಕುಮಾರ್ ವಿಷಯದಲ್ಲಿ ಅದು ಪೂರ್ತಿ ಕೂಡೋದಿಲ್ಲ. ಅವರು ಬ್ರಾಹ್ಮಣರು. ಆ ಸಮುದಾಯದ ಮತ ಆ ತಾಲ್ಲೂಕಿನಲ್ಲಿ ಬೆರಳೆಣಿಕೆ. ಎದುರಿಗೆ ಇದ್ದವರು ಊರಲ್ಲಿ ಬಲವಾದ ಸಮುದಾಯದವರು. ಹೀಗಿದ್ದೂ ಆರು ಸಲ ಗೆದ್ದರು ಅಂದರೆ ಎಲ್ಲ ಸಮುದಾಯಗಳ ಒಳಗೂ ಒಂದು ‘ಸ್ವಾಮಿ ಕಡೆ’ ಇತ್ತು ಅಂತಲೇ ಅರ್ಥ. ಬಲವಾದ ಜಾತಿಯವರು ಯಾವತ್ತೂ ಒಂದೇ ಬಣದಲ್ಲಿ ಇರೋದಿಲ್ಲ. ಅವರೊಳಗಿನ ಜಗಳವೇ ಹೊರಗಿನವನಿಗೆ ಬಾಗಿಲು ತೆರೆಯುತ್ತೆ. ಕೋಲಾರದ ರಾಜಕೀಯ ಓದುವವರು ಇದನ್ನು ಬರೆದಿಟ್ಟುಕೊಳ್ಳಿ.

ಈಗ ಆ ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು. ಅಡ್ಡಗಲ್ ಊರಿನವರು. ಮಾವಿನ ತೋಟದ ಸೀಮೆ, ಆಂಧ್ರದ ಗಡಿ. ಹಳ್ಳಿಯಲ್ಲಿ ಮತ ಕೇಳೋಕೆ ಕನ್ನಡ ಎಷ್ಟು ಬೇಕೋ ತೆಲುಗೂ ಅಷ್ಟೇ ಬೇಕು. 1978ರಲ್ಲಿ, ದೇವರಾಜ ಅರಸು ಕಾಲದಲ್ಲಿ, ಇಂದಿರಾ ಕಾಂಗ್ರೆಸ್ಸಿನಿಂದ ಮೊದಲ ಸಲ ವಿಧಾನಸಭೆಗೆ ಹೋದಾಗ ಇನ್ನೂ ಹುಡುಗ. 1994ರಲ್ಲಿ ಮೂರನೇ ಸಲ ಗೆದ್ದಾಗ ಸ್ಪೀಕರ್ ಆದರು. ದೇವೇಗೌಡರು ದಿಲ್ಲಿಗೆ ಹೋಗಿ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆದ ಮೇಲೂ ಅದೇ ಕುರ್ಚಿ. ಪೂರ್ತಿ ಅವಧಿ ಕೂತರು. 1999ರಲ್ಲಿ ಸೋತರು. ಅವರ ನಂತರ ಸ್ಪೀಕರ್ ಆದವರು ಮುಳಬಾಗಿಲಿನ ಎಂ.ವಿ. ವೆಂಕಟಪ್ಪ. ಹತ್ತು ವರ್ಷ ಕೋಲಾರ ಜಿಲ್ಲೆಯವರೇ ಆ ಕುರ್ಚಿಯಲ್ಲಿದ್ದರು ಅನ್ನೋದನ್ನು ಈಗ ಎಷ್ಟೋ ಜನ ಮರೆತಿದ್ದಾರೆ.

ಸ್ಪೀಕರ್ ಆದವರು ಮುಂದಿನ ಚುನಾವಣೆ ಸೋಲ್ತಾರೆ ಅಂತ ವಿಧಾನಸೌಧದಲ್ಲಿ ಒಂದು ನಂಬಿಕೆ ಇದೆ. ಸಾಗರದಲ್ಲಿ ಕಾಗೋಡು ತಿಮ್ಮಪ್ಪ 2018ರಲ್ಲಿ ಸೋತರು. ಶಿರಸಿಯಲ್ಲಿ ಕಾಗೇರಿ 2023ರಲ್ಲಿ ಸೋತರು. ರಮೇಶ್ ಕುಮಾರ್ ಅವರಿಗೆ ಎರಡೆರಡು ಸಲ ಹಾಗಾಯಿತು. ಆದರೆ ಕೆ.ಜಿ. ಬೋಪಯ್ಯ ಸ್ಪೀಕರ್ ಆಗಿದ್ದು 2013ರಲ್ಲಿ ವಿರಾಜಪೇಟೆಯಲ್ಲಿ ಗೆದ್ದರು. ಹಾಗಾಗಿ ಶಾಪದ ಮಾತು ಸುಮ್ನೆ. ಆದರೆ ಆ ಕುರ್ಚಿಯಲ್ಲಿ ಕೂತವನು ಕ್ಷೇತ್ರದ ಕೆಲಸಕ್ಕೆ ಮಂತ್ರಿಯ ಹಾಗೆ ಕಡತ ತಿರುಗಿಸೋಕೆ ಆಗೋದಿಲ್ಲ, ಪಕ್ಷದ ವೇದಿಕೆ ಮೇಲೆ ಗುಡುಗೋಕೂ ಆಗೋದಿಲ್ಲ. ಹೆಸರು ಬರುತ್ತೆ, ಬೋರ್‌ವೆಲ್ ಬರೋದಿಲ್ಲ.

ಮಂತ್ರಿ ಆಗಿದ್ದು ತಡವಾಗಿ. 2016ರ ಜೂನ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಪುನಾರಚನೆ ಮಾಡಿದಾಗ ಆರೋಗ್ಯ ಇಲಾಖೆ ಸಿಕ್ಕಿತು. ಅಲ್ಲಿ ಮಾಡಿದ ದೊಡ್ಡ ಕೆಲಸ ಅಂದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ. ಆಸ್ಪತ್ರೆ ದರಕ್ಕೆ ಕಡಿವಾಣ, ರೋಗಿಗಳ ದೂರು ಕೇಳೋಕೆ ಜಿಲ್ಲಾ ಮಟ್ಟದ ವ್ಯವಸ್ಥೆ, ಬಿಲ್ ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳಬಾರದು ಅನ್ನೋ ನಿಯಮ. 2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ರಾಜ್ಯವೆಲ್ಲ ಹೊರರೋಗಿ ವಿಭಾಗ ಮುಚ್ಚಿ ಬೆಳಗಾವಿ ಅಧಿವೇಶನದ ಹೊರಗೆ ಕೂತರು. ವೈದ್ಯರನ್ನು ಜೈಲಿಗೆ ಕಳಿಸೋ ಕಲಮು ಸೇರಿದಂತೆ ಕೆಲವು ಗಟ್ಟಿ ಅಂಶ ಸಡಿಲ ಆದವು. ಮಸೂದೆ ಪಾಸಾಯಿತು. ಪೂರ್ತಿ ಗೆದ್ದರು ಅಂತಲೂ ಅಲ್ಲ, ಸೋತರು ಅಂತಲೂ ಅಲ್ಲ. ಮುಂದಿನ ವರ್ಷ ಸರದಿ ತಪ್ಪಿಸಿ ಗೆದ್ದರಲ್ಲ, ಅದರಲ್ಲಿ ಈ ಮಂತ್ರಿಗಿರಿಗೂ ಪಾಲಿದೆ ಅಂತ ನನ್ನ ಅಂದಾಜು. ಮೊದಲ ಸಲ ಅವರು ಕೈಯಲ್ಲಿ ಇಲಾಖೆ ಇಟ್ಟುಕೊಂಡು ಮತ ಕೇಳಿದ್ದರು.

ಆ 2018ರ ಮೇ ತಿಂಗಳು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಿಜೆಪಿ 104ಕ್ಕೆ ನಿಂತಿತು. ಯಡಿಯೂರಪ್ಪ 17ಕ್ಕೆ ಪ್ರಮಾಣ ಮಾಡಿ 19ಕ್ಕೆ ರಾಜೀನಾಮೆ ಕೊಟ್ಟರು. ಕಾಂಗ್ರೆಸ್ ಜೆಡಿಎಸ್ ಸೇರಿ ಕುಮಾರಸ್ವಾಮಿ ಸರ್ಕಾರ ಬಂತು. ಮೇ 25ರಂದು ರಮೇಶ್ ಕುಮಾರ್ ಅವಿರೋಧವಾಗಿ ಎರಡನೇ ಸಲ ಸ್ಪೀಕರ್. ಇಲ್ಲೊಂದು ತಮಾಷೆ ಇದೆ. ರಾಜ್ಯದಲ್ಲಿ ಕಾಂಗ್ರೆಸ್ಸೂ ಜೆಡಿಎಸ್ಸೂ ಒಂದೇ ಬೆಂಚಿನಲ್ಲಿ ಕೂತಿದ್ದವು. ಶ್ರೀನಿವಾಸಪುರದಲ್ಲಿ ಅದೇ ಎರಡು ಪಕ್ಷದ ಬಾವುಟ ಹಿಡಿದ ಎರಡು ಬಣ ಒಂದೇ ಅರಳಿಕಟ್ಟೆಯಲ್ಲಿ ಕೂರೋಕೂ ತಯಾರಿರಲಿಲ್ಲ.

ಹದಿನಾಲ್ಕು ತಿಂಗಳಿಗೆ ಆ ಸರ್ಕಾರ ಅಲುಗಾಡಿತು. 2019ರ ಜುಲೈ 6ರಂದು ಅತೃಪ್ತ ಶಾಸಕರು ರಾಜೀನಾಮೆ ಪತ್ರ ಹಿಡಿದು ಸ್ಪೀಕರ್ ಕಚೇರಿಗೆ ಹೋದಾಗ ಅವರು ಅಲ್ಲಿರಲಿಲ್ಲ. ಪತ್ರ ಕಾರ್ಯದರ್ಶಿ ಕೈಗೆ ಹೋಯಿತು. ಎರಡು ಮೂರು ದಿನ ಕಳೆದ ಮೇಲೆ, 13 ಪತ್ರಗಳಲ್ಲಿ ಎಂಟು ಕ್ರಮಬದ್ಧವಾಗಿಲ್ಲ ಅಂತ ಹೇಳಿದರು. ಸಂವಿಧಾನದ 190ನೇ ವಿಧಿ ಪ್ರಕಾರ ರಾಜೀನಾಮೆ ಸ್ವಇಚ್ಛೆಯದ್ದೇ, ನಿಜವಾದದ್ದೇ ಅಂತ ಸ್ಪೀಕರ್‌ಗೆ ಮನವರಿಕೆ ಆಗಬೇಕು. ಆ ಒಂದು ಸಾಲಿನ ಮೇಲೆ ಎರಡು ವಾರ ರಾಜಕೀಯ ನಡೆಯಿತು. ಶಾಸಕರು ಮುಂಬೈ ಹೋಟೆಲಿನಲ್ಲಿ, ವಕೀಲರು ಸುಪ್ರೀಂ ಕೋರ್ಟಿನಲ್ಲಿ, ಜನ ಟೀವಿ ಮುಂದೆ. ವಿಶ್ವಾಸಮತದ ಚರ್ಚೆ 18ಕ್ಕೆ ಶುರುವಾಗಿ 23ರ ತನಕ ಎಳೆಯಿತು. ರಾಜ್ಯಪಾಲರು ಕೊಟ್ಟ ಗಡುವು ಎರಡು ಸಲ ದಾಟಿ ಹೋಯಿತು. ಕೊನೆಗೆ 99ಕ್ಕೆ 105. ಸರ್ಕಾರ ಬಿತ್ತು.

ಆ ಚರ್ಚೆಯನ್ನು ಸ್ಪೀಕರ್ ಬೇಕಂತಲೇ ಎಳೆದರು ಅಂತ ಬಿಜೆಪಿಯವರು ದೂರಿದರು. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟು ದಿನ ಬೇಕಿರಲಿಲ್ಲ. ಆದರೆ ಸರ್ಕಾರ ಉಳಿಸೋಕೆ ಆ ಕುರ್ಚಿಯನ್ನು ಕೊನೆ ತನಕ ಬಳಸಿದರು ಅಂತ ಹೇಳೋದೂ ಕಷ್ಟ. ಮತಕ್ಕೆ ಹಾಕಿದರು, ಬಿದ್ದದ್ದನ್ನು ಬಿತ್ತು ಅಂದರು.

ಆಮೇಲೆ ಮಾಡಿದ್ದು ದೊಡ್ಡದು. ಜುಲೈ 25ಕ್ಕೆ ಮೂವರು, 28ರ ಭಾನುವಾರ 14 ಜನ, ಒಟ್ಟು 17 ಶಾಸಕರನ್ನು ಅನರ್ಹ ಮಾಡಿದರು. ಬರೀ ಅನರ್ಹ ಅಲ್ಲ, ಆ ವಿಧಾನಸಭೆಯ ಅವಧಿ ಮುಗಿಯೋ ತನಕ, ಅಂದರೆ 2023ರ ತನಕ, ಚುನಾವಣೆಗೆ ನಿಲ್ಲುವಂತಿಲ್ಲ ಅಂತ. ಮರುದಿನ ಯಡಿಯೂರಪ್ಪ ಬಹುಮತ ಸಾಬೀತು ಮಾಡಿದರು. ಅದೇ ದಿನ ಇವರು ಸ್ಪೀಕರ್ ಸ್ಥಾನ ಬಿಟ್ಟು ಇಳಿದರು.

ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅನರ್ಹತೆ ಸರಿ, ಆದರೆ ಇಷ್ಟು ವರ್ಷ ನಿಲ್ಲಬೇಡಿ ಅನ್ನೋ ಅಧಿಕಾರ ಸ್ಪೀಕರ್‌ಗೆ ಇಲ್ಲ. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ ಆಯಿತು. ಬಿಜೆಪಿ 12 ಗೆದ್ದಿತು. ಅನರ್ಹರಾದವರಲ್ಲಿ ಹೆಚ್ಚಿನವರು ಒಂದೇ ತಿಂಗಳಿಗೆ ಮತ್ತೆ ಶಾಸಕರು, ಆಮೇಲೆ ಕೆಲವರು ಮಂತ್ರಿಗಳು.

ಪಕ್ಕದ ಚಿಕ್ಕಬಳ್ಳಾಪುರ ನೋಡಿ. 2007ರ ತನಕ ನಮ್ಮದೇ ಜಿಲ್ಲೆ. ಡಾ. ಕೆ. ಸುಧಾಕರ್ 2013, 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು, ಅನರ್ಹರಾದ 17 ಜನರಲ್ಲಿ ಒಬ್ಬರು. ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮೂವತ್ತು ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ವೈದ್ಯಕೀಯ ಶಿಕ್ಷಣ, ಆಮೇಲೆ ಆರೋಗ್ಯ ಮಂತ್ರಿ. ರಮೇಶ್ ಕುಮಾರ್ ಕೂತಿದ್ದ ಅದೇ ಇಲಾಖೆ! 2023ರಲ್ಲಿ ಅದೇ ಜನ ಸುಧಾಕರ್ ಅವರನ್ನು ಸೋಲಿಸಿ ಪ್ರದೀಪ್ ಈಶ್ವರ್ ಅನ್ನೋ ಹೊಸಬರನ್ನು ಕಳಿಸಿದರು. ಮರುವರ್ಷವೇ ಲೋಕಸಭೆಗೆ ನಿಂತು ಸುಧಾಕರ್ ಒಂದೂವರೆ ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಮತದಾರ ಇದರಲ್ಲಿ ಪಕ್ಷಾಂತರಕ್ಕೆ ಶಿಕ್ಷೆ ಕೊಟ್ಟನಾ, ಬಹುಮಾನ ಕೊಟ್ಟನಾ? ಎರಡೂ ಹೇಳೋಕೆ ಬರೋದಿಲ್ಲ. ಸಂವಿಧಾನದಲ್ಲಿ ಪಕ್ಷಾಂತರ ತಡೆಯೋ ಹತ್ತನೇ ಪರಿಚ್ಛೇದ ಓದಿ ಯಾರೂ ಮತ ಹಾಕೋದಿಲ್ಲ. ರಮೇಶ್ ಕುಮಾರ್ ಅವರಿಗೆ ಇದು ಗೊತ್ತಿರಲಿಲ್ಲ ಅಂತ ನನಗೆ ಅನ್ನಿಸೋದಿಲ್ಲ. ಅವರೇ ಮೂರು ಪಕ್ಷದ ಟಿಕೆಟ್ ಮೇಲೆ ಅದೇ ಮತದಾರರ ಮುಂದೆ ನಿಂತವರು. ಆದರೆ ಒಂದು ಪಕ್ಷದ ಬಿ ಫಾರಂ ಮೇಲೆ ಗೆದ್ದು ನಡುವೆ ಇನ್ನೊಂದು ಕಡೆ ಹಾರೋದು ಬೇರೆ, ಹೊಸ ಬಾವುಟ ಹಿಡಿದು ಚುನಾವಣೆಗೆ ಬಂದು ನಿಲ್ಲೋದು ಬೇರೆ. ಕಾನೂನು ತಡೆಯೋದು ಮೊದಲನೆಯದನ್ನು ಮಾತ್ರ.

ಇನ್ನು ಎರಡು ವಿಷಯ ಬೇಗ ಹೇಳಿ ಮುಗಿಸ್ತೇನೆ.

ಒಂದು ನೀರು. ಕೆ.ಸಿ. ವ್ಯಾಲಿ ಯೋಜನೆಗೆ ಬೆನ್ನು ಬಿದ್ದವರಲ್ಲಿ ಅವರು ಮುಂದಿನ ಸಾಲಿನವರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ಜಿಲ್ಲೆಯ ನೂರಿಪ್ಪತ್ತಕ್ಕೂ ಹೆಚ್ಚು ಕೆರೆಗೆ ಬಿಡೋದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ನೊರೆಯೂ ಬಂತು. ಹೈಕೋರ್ಟ್ ತಡೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು, ಮತ್ತೆ ನೀರು ಹರಿಯಿತು. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅನ್ನೋ ಬೇಡಿಕೆ ಇವತ್ತೂ ಇದೆ, ನ್ಯಾಯವಾದದ್ದೇ. ಸಾವಿರ ಅಡಿ ಕೊರೆದರೂ ಧೂಳು ಹಾರುತ್ತಿದ್ದ ಜಿಲ್ಲೆಯಲ್ಲಿ ಕೆರೆ ತುಂಬಿದ್ದೂ ಸುಳ್ಳಲ್ಲ. ಆದರೆ ಐದು ವರ್ಷ ಕಳೆದು ಅವರು ಸೋತರು. ಕೆರೆ ನೀರು ಎರಡೂ ಬಣದವರ ತೋಟಕ್ಕೆ ಹರಿಯುತ್ತೆ. ಅದಕ್ಕೆ ಬಣ ಬದಲಾಯಿಸೋ ಕಾರಣ ಯಾರಿಗೂ ಕಾಣೋದಿಲ್ಲ.

ಎರಡನೆಯದು ಮಾತು. ಸದನದಲ್ಲಿ ಕನ್ನಡವನ್ನು ಅಷ್ಟು ಚೆನ್ನಾಗಿ ಆಡುವವರು ಕಡಿಮೆ. ಆದರೆ ಅದೇ ನಾಲಿಗೆ 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅತ್ಯಾಚಾರದ ಬಗ್ಗೆ ಹಗುರವಾದ ಮಾತೊಂದನ್ನು ಆಡಿತು. ದೇಶವೆಲ್ಲ ಛೀಮಾರಿ ಹಾಕಿತು. ಮರುದಿನ ಸದನದಲ್ಲೇ ಕ್ಷಮೆ ಕೇಳಿದರು. ಅದು ಗಾದೆ ಅಂತ ಸಮರ್ಥಿಸಿದವರೂ ಇದ್ದರು. ಸಮರ್ಥಿಸುವಂಥ ಮಾತಲ್ಲ ಅದು.

ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಸರ್, ಜಿಲ್ಲೆ ಕಾಂಗ್ರೆಸ್ಸಿನ ಬಣ ಜಗಳದಿಂದಲೇ ಅವರು ಸೋತರಾ?’ ಪೂರ್ತಿ ಅಲ್ಲ ಅಂದೆ. ರಮೇಶ್ ಕುಮಾರ್ ಬಣ, ಕೆ.ಎಚ್. ಮುನಿಯಪ್ಪ ಬಣ ಅಂತ ಜಿಲ್ಲೆಯಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತು. ಏಳು ಸಲ ಸತತವಾಗಿ ಸಂಸದರಾಗಿದ್ದ ಮುನಿಯಪ್ಪ 2019ರಲ್ಲಿ ಬಿಜೆಪಿಯ ಮುನಿಸ್ವಾಮಿ ಎದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಾಗ ಬೆರಳು ಈ ಜಗಳದ ಕಡೆಗೇ ಹೋಯಿತು. 2023ರ ಜನವರಿಯಲ್ಲಿ ಸಿದ್ದರಾಮಯ್ಯ ಕೋಲಾರದಿಂದ ನಿಲ್ತೇನೆ ಅಂದು ಆಮೇಲೆ ವರುಣಾಕ್ಕೆ ಹೋದರು. 2024ರ ಲೋಕಸಭೆ ಟಿಕೆಟ್ಟಿಗೂ ಅದೇ ಕಿತ್ತಾಟ, ಎರಡೂ ಬಣ ಬಿಟ್ಟು ಮೂರನೆಯವರಿಗೆ ಟಿಕೆಟ್, ಗೆದ್ದದ್ದು ಜೆಡಿಎಸ್. ಆದರೆ ಇದೇ ಜಗಳದ ನಡುವೆ 2023ರಲ್ಲಿ ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಾಂಗ್ರೆಸ್ ಗೆದ್ದಿತು. ಮಾಲೂರನ್ನೂ 248 ಮತದಲ್ಲಿ ಗೆದ್ದಿತು. ಜಗಳ ಒಂದೇ ಕಾರಣ ಆಗಿದ್ದರೆ ಅವೂ ಹೋಗಬೇಕಿತ್ತಲ್ಲ?

ಇನ್ನೊಬ್ಬ ಹುಡುಗ, ಶ್ರೀನಿವಾಸಪುರ ಕಡೆಯವನೇ, ‘ಇವರಿಬ್ಬರ ನಂತರ ಯಾರು ಸರ್’ ಅಂದ. ಸಭೆ ನಕ್ಕಿತು. ನನ್ನ ಹತ್ತಿರ ಹೆಸರಿಲ್ಲ ಅಂದೆ. ಎರಡು ಬಣಕ್ಕೂ ವಯಸ್ಸಾಗಿದೆ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿದು, ಚಿತ್ತೂರಿನವರು ನಮ್ಮ ಕಾಯಿ ಬೇಡ ಅಂತ ಗಡಿಯಲ್ಲಿ ತಡೆದಾಗ ಬೀದಿಗೆ ಬಂದ ರೈತರಲ್ಲಿ ಎರಡೂ ಕಡೆಯವರು ಇದ್ದಿರಲೇಬೇಕು, ಮಾವಿಗೆ ಬಣ ಇಲ್ಲ. ಅದರಿಂದ ಮೂರನೇ ಗುಂಪು ಹುಟ್ಟುತ್ತಾ ಅಂತ ಕೇಳಿದರೆ, ಇಲ್ಲಿ ಕೂತು ಉತ್ತರ ಹೇಳೋ ಬದಲು ನೀವೇ ಹುಡುಕಿ. ಚುನಾವಣಾ ಆಯೋಗ ಪ್ರತಿ ಚುನಾವಣೆ ಮುಗಿದ ಮೇಲೆ ಫಾರಂ 20 ಅಂತ ಒಂದು ಪಟ್ಟಿ ಹಾಕುತ್ತೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಅದರಲ್ಲಿದೆ. 2018ರದ್ದೂ 2023ರದ್ದೂ ಪಕ್ಕ ಪಕ್ಕ ಇಡಿ. ಬೂತುಗಳ ಗಡಿ ಬದಲಾಗಿರೋದನ್ನು ಮಾತ್ರ ಗಮನಿಸಿಕೊಳ್ಳಿ. ಆ ಐದಾರು ಸಾವಿರ ಮತ ರಾಯಲ್ಪಾಡಿನ ಗಡಿ ಹಳ್ಳಿಗಳಲ್ಲಿ ಕದಲಿತಾ, ಪಟ್ಟಣದ ವಾರ್ಡುಗಳಲ್ಲಿ ಕದಲಿತಾ ಅಂತ ಒಂದು ವಾರದ ಕೆಲಸದಲ್ಲಿ ಗೊತ್ತಾಗುತ್ತೆ. ಮಾಡಿದವರು ನನಗೂ ಒಂದು ಪ್ರತಿ ಕಳಿಸಿ.